ಗಂಜಿ ಹಾಕಿದ ಕಬ್ಬಿಣ

ನಂಬದಿದ್ದರೆ ಬಿಡಿ, ನನ್ನ ಮೊಮ್ಮಕ್ಕಳೂ ನಂಬುವುದಿಲ್ಲ. ಆದರೆ ಆ ರಾತ್ರಿ ಆ ಕೋಣೆಯಲ್ಲಿ ಇದ್ದವಳು ನಾನು, ಅವರಲ್ಲ.

ಎಂಬತ್ತರ ದಶಕದ ಕೊನೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ನಮ್ಮ ಡಾಕ್ಟರಿಗೆ ಒಂದೇ ಹುಚ್ಚು: ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ರಕ್ತಕ್ಕೆ ಬಿಡಬೇಕು, ಅಯಸ್ಕಾಂತದ ಹೊಸ ಯಂತ್ರ ತೆಗೆಯುವ ಚಿತ್ರದಲ್ಲಿ ಲಿವರ್ ಸ್ಪಷ್ಟವಾಗಿ ಕಾಣಬೇಕು. ಬರಿಯ ಕಣಗಳು ಒಂದಕ್ಕೊಂದು ಅಂಟಿ ರಕ್ತನಾಳ ಕಟ್ಟಿಬಿಡುತ್ತವೆ. ಅದಕ್ಕೇ ಅವುಗಳ ಮೇಲೆ ಗಂಜಿಯ ಲೇಪ.

ಗಂಜಿ ಕಾಯಿಸುವವರು ಬಷೀರ್ ಸಾಬರು, ಹಿಂದೆ ಬಟ್ಟೆ ಮಿಲ್ಲಿನಲ್ಲಿ ನೂಲಿಗೆ ಗಂಜಿ ಹಾಕುತ್ತಿದ್ದವರು. ಪ್ರಯೋಗದ ಎರಡು ಮೊಲಗಳಿಗೆ ತಮ್ಮ ಹಳ್ಳಿ ಗುತ್ತೂರಿನಿಂದ ಸೊಪ್ಪು ತಂದು ಮಕ್ಕಳಂತೆ ಸಾಕಿದವರೂ ಅವರೇ.

ಆ ರಾತ್ರಿ ಅವರೇ ಬಂದು ಹೇಳಿದರು. "ಸರ್, ಮಿಲ್ಲಿನ ರೂಢಿ... ಬೂಷ್ಟು ಹಿಡೀಬಾರ್ದು ಅಂತ ಗಂಜಿಗೆ ಮೈಲುತುತ್ತ ಹಾಕ್ಬಿಟ್ಟೀನ್ರಿ. ವಿಷ ಐತೆ. ಚೆಲ್ತೀನಿ."

ಡಾಕ್ಟರು ನಕ್ಕರು. "ಯಾಕ ಚೆಲ್ತೀಯೋ? ವಿಷ ಹೆಂಗೆ ಏರ್ತೈತೆ ನೋಡೂಣು. ಮೊಲ ಹಿಡ್ಕೋ."

ಹಿಡಿಸಿದರು. ಸೂಜಿ ಕಿವಿಯ ನರಕ್ಕೆ ಇಳಿಯಿತು. ಮೊಲ ಕೂಗುವುದನ್ನು ಕೇಳಿದ್ದೀರಾ? ಕೇಳಬೇಡಿ... ಸಾಬರ ಕೈಯಲ್ಲೇ ಅದು ತಣ್ಣಗಾಯಿತು. ಡಾಕ್ಟರು ಕೈ ಒರೆಸಿಕೊಂಡು, ಇನ್ನೊಂದನ್ನೂ ತಾ ಎಂದರು.

ಆಗ ನೋಡಿದೆ. ಸೂಜಿಗೆ ತುಂಬಿ ಬೀಕರಿನಲ್ಲಿ ಉಳಿದಿದ್ದ ಗಂಜಿ-ಕಬ್ಬಿಣದ ಕಪ್ಪು ದ್ರವ ಒಂದೇ ಬದಿಗೆ ಏರಿ ನಿಂತಿತ್ತು... ಡಾಕ್ಟರ ಕಡೆಗೆ. ಅವರು ಕಿಟಕಿಯತ್ತ ನಡೆದರೆ ಅದೂ ತಿರುಗಿತು. ಬಾಗಿಲತ್ತ ಬಂದರೆ ಅದೂ ಬಂತು. ಪ್ರಯೋಗಾಲಯದಲ್ಲಿದ್ದ ಒಂದೇ ಅಯಸ್ಕಾಂತ ಕೆಳಗಿನ ಮಹಡಿಯಲ್ಲಿ ಬೀಗದೊಳಗಿತ್ತು. ನಾವೇ ಅವರ ಜೇಬಿಗೆ ಅಯಸ್ಕಾಂತದ ತುಂಡು ಹಾಕಿ ಆಟ ಹೂಡಿದ್ದೇವೆಂದು ರೇಗಿ ಅವರು ತಮ್ಮ ಜೇಬು ಬೋರಲು ಹಾಕಿದರು. ಕರವಸ್ತ್ರ, ಪ್ಲಾಸ್ಟಿಕ್ ಬಾಚಣಿಗೆ, ಅಷ್ಟೇ.

ಒಲೆ ಆರಿತ್ತು. ಆದರೂ ಕೋಣೆ ತುಂಬ ಗಂಜಿ ಸೀದ ವಾಸನೆ... ದ್ರವ ಮುಳ್ಳುಮುಳ್ಳಾಗಿ ಗಾಜಿನ ಅಂಚಿಗೆ ಹತ್ತುತ್ತಿತ್ತು.

ಡಾಕ್ಟರ ದನಿ ಇಳಿಯಿತು. "ಬಷೀರ್ ಸಾಬ್ರೆ... ಅದನ್ನ ಆಚೆ ಒಯ್ದು ಚೆಲ್ಲಿಬಿಡ್ರಿ." ಸಾಬರಿಗೆ ಅವರು ಬಹುವಚನ ಕೊಟ್ಟಿದ್ದು ಅದೇ ಮೊದಲು.

ಸಾಬರು ಉಳಿದ ಮೊಲವನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಎದ್ದರು. "ನನ್ನ ಕೈ ಖಾಲಿ ಇಲ್ರಿ ಸರ್. ನೀವೇ ಹಿಡ್ಕೊಳ್ರಿ."

ನಾವಿಬ್ಬರೂ ಹೊರಬಂದೆವು. ಬಾಗಿಲು ಎಳೆದವಳು ನಾನೇ.

ಬೆಳಿಗ್ಗೆ ಬೀಕರು ಮೇಜಿನ ಮೇಲೇ ಇತ್ತು, ಖಾಲಿ. ನೆಲದಲ್ಲಾಗಲಿ ತೊಟ್ಟಿಯಲ್ಲಾಗಲಿ ಒಂದು ಹನಿ ಕಪ್ಪು ಇರಲಿಲ್ಲ. ಡಾಕ್ಟರೂ ಅಲ್ಲಿರಲಿಲ್ಲ, ಆಮೇಲೆ ಕೆಲಸಕ್ಕೂ ಬರಲೇ ಇಲ್ಲ. ಮೊಲ ಗುತ್ತೂರಿನಲ್ಲಿ ಸೊಪ್ಪು ತಿಂದು ದಪ್ಪಗಾಯಿತು.

ಕೆಲವು ದಿನಗಳ ಮೇಲೆ ಹರಿಹರದ ಬಸ್ ನಿಲ್ದಾಣದಲ್ಲಿ ಡಾಕ್ಟರನ್ನು ಕಂಡೆ. ಉಗುರುಗಳೆಲ್ಲ ಕಪ್ಪು. ನಗುತ್ತಾ ನನ್ನತ್ತ ಬಂದರು... ಎದುರಿಗಿದ್ದ ಬಸ್ಸು ಹತ್ತಿಬಿಟ್ಟೆ. ಅದು ಯಾವ ಊರಿಗೆ ಹೋಗುತ್ತದೆಂದೂ ನೋಡಲಿಲ್ಲ.