ಅಳತೆಯಕ್ಕ ಬಯಸುವ ಆರನೇ ಗೆರೆ

ಎಡಗೈಯಲ್ಲಿ ಮೆಟ್ಟಿಲ ಸರಳನ್ನು ಬಿಗಿಹಿಡಿದು, ಅರ್ಧ ದೇಹವನ್ನು ನದಿಯ ಮೇಲೆ ಚಾಚಿ, ಅವರು ಕಂಬದ ಪಾಚಿ ಉಜ್ಜುತ್ತಿದ್ದಾರೆ. ಹತ್ತನೇ ಗೆರೆ ಕಂಡಿತು. ಒಂಬತ್ತನೆಯದು ನೀರೊಳಗಿದೆ. ಬ್ರಶ್ಶನ್ನು ಹಲ್ಲಲ್ಲಿ ಕಚ್ಚಿಕೊಂಡು ಕಾಯುತ್ತಾರೆ. ಒಂದು ಅಲೆ, ಎರಡು, ಮೂರು. ಮೂರನೆಯದು ಇಳಿದ ಮೇಲೆಯೇ ಸೊಂಟದ ಚೀಲದಿಂದ ಪುಸ್ತಕ ತೆಗೆದು ಬರೆಯುತ್ತಾರೆ: ಬೆಳಗ್ಗೆ ಐದು ಗಂಟೆ, ಒಂಬತ್ತೂವರೆ.

"ಮೊದಲ್ನೇ ಅಲೆ ನಂಬಬಾರದು," ಎನ್ನುತ್ತಾರೆ ಮೆಟ್ಟಿಲು ಹತ್ತುತ್ತಾ. "ಅದು ಹೊಸ ನೆಂಟನ ಥರ, ಜಾಸ್ತಿ ತೋರಿಸ್ಕೊಳ್ಳುತ್ತೆ. ಮೂರನೇದು ನಿಜ ಹೇಳುತ್ತೆ."

ಈ ಕಾಗದದ ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಅಳತೆಯಕ್ಕ. ಅವರಿಗಿಂತ ಹಿರಿಯನಾದ ಗೇಟಿನ ಕಾವಲುಗಾರನಿಗೂ ಅಕ್ಕನೇ. ನದಿಯಿಂದ ನೀರೆತ್ತುವ ಪಂಪ್‌ಹೌಸ್ ಅವರ ಜಾಗ. ದಿನಕ್ಕೆ ಮೂರು ಅಳತೆ. ಇಪ್ಪತ್ತೆರಡು ವರ್ಷ, ನಲವತ್ತನಾಲ್ಕು ಪುಸ್ತಕ. ಅದಕ್ಕೂ ಹಿಂದಿನವು ಅಪ್ಪನ ಕೈಬರಹದಲ್ಲಿವೆ. ಕಂಬಕ್ಕೆ ಮೊಳಕ್ಕೊಂದರಂತೆ ಬಿಳಿ ಗೆರೆ ಎಳೆದವರೂ ಅಪ್ಪನೇ.

ಅಪ್ಪನ ಪುಸ್ತಕಗಳಲ್ಲಿ ಓದುವುದಕ್ಕೆ ಏನೂ ಇಲ್ಲ. ಆರು, ಆರು, ಆರೂಕಾಲು, ಆರು. ಮಳೆಗಾಲದಲ್ಲಿ ಎಂಟನ್ನು ಮುಟ್ಟಿ, ಹೇಳಿದ ಮಾತಿಗೆ ತಪ್ಪದವರ ಹಾಗೆ ಮತ್ತೆ ಆರಕ್ಕೇ ಬಂದು ನಿಲ್ಲುತ್ತದೆ ನದಿ. ಬಿಡುವಾದಾಗಲೆಲ್ಲ ಅಳತೆಯಕ್ಕ ಅವನ್ನು ತೆರೆದು ಕೂರುತ್ತಾರೆ, ಹಳೆಯ ಕಾಗದಪತ್ರ ಓದುವವರ ಹಾಗೆ. ಅವರದೇ ಪುಸ್ತಕಗಳಲ್ಲಾದರೋ ಅಂಕಿಗಳು ಒಂದು ಕಡೆ ನಿಲ್ಲುವುದಿಲ್ಲ. ಎರಡು, ಒಂದೂವರೆ, ಹನ್ನೊಂದು, ಮೂರು.

"ದಿನಾ ಅದನ್ನೇ ಬರೀಬೇಕು, ಬೇಜಾರು ಅಂತಿದ್ರು ಅಪ್ಪ. ನಂಗೆ ಅಂಥ ಬೇಜಾರಿನ ಒಂದು ವರ್ಷ ಬೇಕು. ಆರು ಆರು ಅಂತ ಬರೆದೂ ಬರೆದೂ ಆಕಳಿಕೆ ಬರಬೇಕು."

ಪಂಪ್‌ಹೌಸಿನ ಬೆನ್ನಿಗೆ, ದಂಡೆಯ ತಗ್ಗಿನಲ್ಲಿ, ಸ್ವಿಚ್ ರೂಮಿದೆ. ಇಡೀ ಕಾರ್ಖಾನೆಗೆ ಕರೆಂಟು ಹೋಗುವುದು ಅಲ್ಲಿಂದ. ಅದರ ಹೊಸ್ತಿಲು ಕಂಬದ ಹನ್ನೆರಡನೇ ಗೆರೆಯ ಮಟ್ಟಕ್ಕಿದೆ. ಒಳಗೆ ಕೆಲಸ ಮಾಡುವ ಆರು ಜನರಲ್ಲಿ ಅಳತೆಯಕ್ಕನ ತಂಗಿಯೂ ಒಬ್ಬರು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನೀರು ಹೊಸ್ತಿಲು ದಾಟಿತು. ಹೊರಕ್ಕೆ ತೆರೆಯುವ ಬಾಗಿಲು ಒತ್ತಡಕ್ಕೆ ಅಲುಗಲಿಲ್ಲ. ಅಳತೆಯಕ್ಕ ಹೊರಗಿನಿಂದ ಹಾರೆ ಹಾಕಿ ಕಿಟಕಿಯ ಸರಳು ಕಿತ್ತರು. ಆರೂ ಜನ ಆ ಕಂಡಿಯಿಂದ ಹೊರಬಿದ್ದರು. ಆಮೇಲೆ ಅಳತೆಯಕ್ಕ ಕಂಬದ ಹತ್ತಿರ ಹೋಗಿ, ಮೂರು ಅಲೆ ಎಣಿಸಿ, ಬರೆದರು: ಹದಿಮೂರು. ತಂಗಿಯ ಒಂದು ಚಪ್ಪಲಿ ಸಿಗಲೇ ಇಲ್ಲ. ಇನ್ನೊಂದು ಪಂಪ್‌ಹೌಸಿನ ಮೊಳೆಯಲ್ಲಿ ನೇತಾಡುತ್ತಿದೆ.

"ಅದನ್ನ ನೋಡ್ಕೊಂಡು ಕೂತಿರ್ತಾಳೆ ಇವಳು," ಎನ್ನುತ್ತಾರೆ ಊಟದ ಡಬ್ಬಿ ಹಿಡಿದು ಬಂದ ತಂಗಿ. "ಬದುಕಿರೋಳು ಎದುರಿಗೆ ಬಂದ್ರೆ ಊಟ ಆಯ್ತಾ ಅಂತ ಕೇಳಲ್ಲ."

"ಕೇಳಿದ್ರೆ ನನ್ನ ಡಬ್ಬೀನೂ ಖಾಲಿ ಮಾಡ್ತೀಯಲ್ಲ ಮಾರಾಯ್ತಿ."

ನೀರು ಹೊಸ್ತಿಲು ದಾಟಿದ ಆ ತಿಂಗಳ ಲೆಕ್ಕ ನೋಡಲು ಕಂಪನಿಯ ನಿರ್ದೇಶಕರ ಮಂಡಳಿ ಸೇರಿದಾಗ ಅವರ ಮುಂದಿದ್ದ ಹಾಳೆಯಲ್ಲಿ ಒಂದು ಹಸಿರು ಚೌಕವಿತ್ತು. 'ನೀರು: ಸಾಮಾನ್ಯ.' ಯಾರೂ ಸುಳ್ಳು ಬರೆದಿರಲಿಲ್ಲ. ಅಳತೆಯಕ್ಕ ಕಳಿಸಿದ ತೊಂಬತ್ತು ಅಂಕಿಗಳನ್ನು ಆಫೀಸಿನಲ್ಲಿ ಎಂದಿನಂತೆ ಕೂಡಿಸಿ, ಭಾಗಿಸಿ, ಒಂದು ಸರಾಸರಿ ಮಾಡಿದ್ದರು. ಮೂರು ವಾರ ನದಿ ಬತ್ತಿ ಮೂರೂವರೆಗೆ ಇಳಿದಿತ್ತು, ಉಳಿದ ದಿನ ಉಕ್ಕಿ ಹನ್ನೆರಡರ ಆಸುಪಾಸಿನಲ್ಲಿತ್ತು. ಬರ, ಪ್ರವಾಹ ಎರಡೂ ಸೇರಿ ಅಚ್ಚುಕಟ್ಟಾಗಿ ಆರು. ಸ್ವಿಚ್ ರೂಮಿನ ಸಂಗತಿ ದುರಸ್ತಿ ಪಟ್ಟಿಯಲ್ಲಿ ಎಲ್ಲೋ ಒಂದು ಸಾಲಾಗಿತ್ತು.

"ಎರಡು ದಿನ ಉಪವಾಸ ಬಿದ್ದೋನು ಮೂರನೇ ದಿನ ಹೊಟ್ಟೆ ಬಿರಿಯೋ ಹಾಗೆ ಉಂಡು ಮಲಗಿದ. ಲೆಕ್ಕ ಹಾಕಿದ್ರೆ ಮೂರು ದಿನಾನೂ ಹಿತವಾಗಿ ಉಂಡಿದಾನೆ," ಎಂದು ನಗುತ್ತಾರೆ ಅಳತೆಯಕ್ಕ. ನಗು ಬೇಗ ಆರುತ್ತದೆ. "ನಾನು ಇಷ್ಟು ವರ್ಷ ಕಾದ ಆರು ಅವರ ಹಾಳೇಲಿ ಇತ್ತಲ್ಲ, ಅದು ಹೊಟ್ಟೆ ಉರಿಸ್ತು."

ಕಳೆದ ವರ್ಷ ಮಂಡಳಿಗೆ ಹೊಸದಾಗಿ ಬಂದ ನಿರ್ದೇಶಕಿಯೊಬ್ಬರು ಅಂಥದೇ ಒಂದು ಹಸಿರು ಚೌಕದ ಮೇಲೆ ಬೆರಳಿಟ್ಟು, ಇದನ್ನು ಅಳೆದವರು ಯಾರು ಎಂದು ಕೇಳಿದರಂತೆ. ಮೇಜಿನ ಸುತ್ತ ಯಾರಿಗೂ ಗೊತ್ತಿರಲಿಲ್ಲ. ಮರುದಿನ ಬೆಳಕು ಹರಿಯುವ ಮುಂಚೆ ಅವರೇ ಕೆಸರು ಮೆಟ್ಟಿಕೊಂಡು ಇಳಿದು ಬಂದರು. ಮೂರು ದಿನ ಕೂತು ಅಪ್ಪನ ಪುಸ್ತಕಗಳನ್ನೂ ಮಗಳ ಪುಸ್ತಕಗಳನ್ನೂ ಓದಿದರು. ಈಗ ಸಭೆಯ ಕೊನೆಗೆ, ಎಲ್ಲರೂ ಗಡಿಯಾರ ನೋಡುವ ಹೊತ್ತಿಗಲ್ಲ, ಮೊದಲಿಗೇ ನದಿಯ ಮಾತು ಬರುತ್ತದೆ. ಸರಾಸರಿಯ ಬದಲು ತಿಂಗಳ ಅತಿ ಹೆಚ್ಚು, ಅತಿ ಕಡಿಮೆ ಅಳತೆ ಹೋಗುತ್ತದೆ. ಇನ್ನೂ ಇಪ್ಪತ್ತು ವರ್ಷ ನದಿ ಹೀಗೇ ಕುಣಿದರೆ ಕಾರ್ಖಾನೆ ಎಲ್ಲಿ ನಿಂತಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯನ್ನು ಆ ನಿರ್ದೇಶಕಿಯೇ ಹೊತ್ತಿದ್ದಾರೆ. ಅವರ ಮೊದಲ ಉತ್ತರ, ಸ್ವಿಚ್ ರೂಮನ್ನು ದಿಬ್ಬದ ಮೇಲಕ್ಕೆ ಒಯ್ಯುವುದು. ಅದು ಮಾತ್ರ ನಾಲ್ಕು ಸಭೆಗಳಿಂದ ಮುಂದಕ್ಕೆ ಹೋಗುತ್ತಲೇ ಇದೆ.

ಇಂದು ಐದನೇ ಸಭೆ. ಅಳತೆಯಕ್ಕನನ್ನೂ ಕರೆದಿದ್ದಾರೆ. ಹೊರಡುವಾಗ ತಂಗಿ ಅವರ ಕಾಲರು ಸರಿಮಾಡುತ್ತಾ ಹೇಳುತ್ತಾರೆ: "ನೋಡಕ್ಕಾ, ನನ್ನೊಬ್ಬಳಿಗೆ ಅಂತ ಏನಾದ್ರೂ ತಗೊಂಡು ಬಂದ್ಯೋ, ನಿನ್ನ ಜೊತೆ ಮಾತು ಬಿಟ್ಟೆ. ಉಳಿದ ಐದು ಜನರ ಮುಖ ನಾನು ಹೇಗೆ ನೋಡ್ಲಿ?"

ಐದನೇ ಮಹಡಿಯ ಆ ಕೋಣೆಯಲ್ಲಿ ಉದ್ದನೆಯ ಮೇಜು, ಒಂಬತ್ತು ಕುರ್ಚಿ, ಮುಚ್ಚಳ ಹಾಕಿದ ನೀರಿನ ಲೋಟಗಳು. ಅಳತೆಯಕ್ಕ ಗಂಬೂಟನ್ನು ಬಾಗಿಲಲ್ಲೇ ಬಿಟ್ಟು ಬಂದು, ಅಪ್ಪನ ಒಂದು ಪುಸ್ತಕ, ತಮ್ಮದೊಂದು, ಎರಡನ್ನೂ ಒಂದೇ ತಿಂಗಳಿಗೆ ತೆರೆದಿಡುತ್ತಾರೆ. "ಅಪ್ಪನ ಕಾಲದ ನದಿಗೆ ಅಂತ ಆ ರೂಮು ಕಟ್ಟಿದ್ದು ಸರ್. ಆ ನದಿ ಈಗ ಇಲ್ಲ. ವಾಪಸ್ಸು ಬರ್ಲಿ ಅಂತ ನಂಗೂ ಆಸೆ ಇದೆ. ಆಸೆ ನಂಬ್ಕೊಂಡು ಆರು ಜನಾನ ಒಳಗೆ ಕೂರ್ಸೋಕಾಗಲ್ಲ."

ಅಧ್ಯಕ್ಷರು ಎರಡೂ ಪುಸ್ತಕದ ಮೇಲೆ ಕೈಯಾಡಿಸುತ್ತಾರೆ. ಕೆಟ್ಟ ಮನುಷ್ಯರಲ್ಲ, ದನಿ ಮೆತ್ತಗಿದೆ. "ನಿಮ್ಮ ತಂಗಿ ಅಲ್ಲೇ ಇದಾರಂತಲ್ಲಮ್ಮ. ಸೋಮವಾರದಿಂದಲೇ ಅವರನ್ನ ಮೇಲಿನ ಆಫೀಸಿಗೆ ಹಾಕಿಸ್ತೀನಿ. ರೂಮಿನ ವಿಷಯ ಮುಂದಿನ ವರ್ಷ ನೋಡೋಣ. ಆಗಬಹುದಾ?"

ಎರಡು ವರ್ಷದಿಂದ ದಿನಾ ಬೆಳಗ್ಗೆ ಸರಳು ಹಿಡಿದು ಬಾಗುವಾಗ ಅಳತೆಯಕ್ಕ ಬೇಡಿಕೊಂಡದ್ದು ಇದನ್ನೇ. ಗಾಜಿನಾಚೆ ನದಿ ಕಾಣುತ್ತದೆ, ತೆಳ್ಳಗೆ, ಹೊಳೆಯುತ್ತಾ. ಇಷ್ಟು ಎತ್ತರದಿಂದ ಕಂಬ ಕಾಣುವುದಿಲ್ಲ, ಗೆರೆಯೂ ಇಲ್ಲ. ಅವರು ಎರಡೂ ಪುಸ್ತಕಗಳನ್ನು ಅಧ್ಯಕ್ಷರ ಕಡೆಗೆ ಇನ್ನಷ್ಟು ಸರಿಸುತ್ತಾರೆ.

"ಬೇಡ ಸರ್," ಎನ್ನುತ್ತಾರೆ.