ಕುಮಾರನ ಕಾಲಡಿಯ ಕ್ಲಚ್

ಕಳೆದ ವರ್ಷದ ಬೇಸಿಗೆಯಲ್ಲಿ ನಾನು ರಾಜಾಜಿನಗರದ ಡ್ರೈವಿಂಗ್ ಸ್ಕೂಲೊಂದರಲ್ಲಿ ಇನ್‌ಸ್ಟ್ರಕ್ಟರ್ ಆಗಿ ಸೇರಿದೆ. ಬಿ.ಎ. ಮುಗಿಸಿ ಈ ಕೆಲಸಕ್ಕೆ ಬಂದವಳು. ಹೆಂಗಸರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆಂದುಕೊಂಡಿದ್ದೆ. ಅವರು ಕೇಳುತ್ತಿದ್ದದ್ದು ನನ್ನ ಸಹೋದ್ಯೋಗಿ ಕುಮಾರನನ್ನು. ಅವನ ಬಳಿ ಕಲಿಯುವವರ ಕಾರು ನಡುರಸ್ತೆಯಲ್ಲಿ ಬಂದ್ ಬೀಳುತ್ತಲೇ ಇರಲಿಲ್ಲ. ನನ್ನ ಬಳಿ ಕಲಿಯುವವರದು ಪ್ರತಿ ಸಿಗ್ನಲ್ಲಿನಲ್ಲೂ ಆಫ್. ಅವನಿಗಿರುವ ಕೈಗುಣ ನನಗಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಐವತ್ತೆಂಟು ವರ್ಷದ ಶಾಂತಮ್ಮನವರೂ ಅವನ ಹತ್ತಿರವೇ ಕಲಿತರು. ಗಂಡನ ಕಣ್ಣು ಮಂಜಾಗಿ ಮನೆಯ ಗೇರ್ ಕಾರು ಮೂಲೆಗೆ ಬಿದ್ದಿತ್ತು. ಅದನ್ನು ತಾವೇ ಓಡಿಸಬೇಕೆಂಬ ಹಠ ಅವರದು. ಲೈಸೆನ್ಸ್ ಬಂದ ಮೇಲೆ ಸ್ವಂತ ಕಾರಿನಲ್ಲಿ ಮೊದಲ ಸಲ ಹೊರಡುವಾಗ ಪಕ್ಕದಲ್ಲೊಬ್ಬರು ಬೇಕೆಂದರು. ಕುಮಾರ ಅಂದು ರಜೆ, ನಾನು ಹೋದೆ.

"ಅಯ್ಯೋ, ನೀವಾ? ಕುಮಾರ್ ಇದ್ರೆ ಗಾಡಿ ಬೆಣ್ಣೆ ಥರ ಹೋಗತ್ತೆ ಕಣ್ರೀ."

"ನಾನೂ ಅದೇ ಸ್ಕೂಲೇ ಆಂಟಿ," ಎಂದೆ.

ಮಹಾಲಕ್ಷ್ಮಿ ಲೇಔಟಿನ ಏರಿನಲ್ಲಿ ಮುಂದಿದ್ದ ಆಟೊ ನಿಂತಿತು, ನಾವೂ ನಿಂತೆವು. ಮತ್ತೆ ಹೊರಡುವಾಗ ಶಾಂತಮ್ಮ ಕ್ಲಚ್ಚನ್ನು ಒಮ್ಮೆಗೇ ಬಿಟ್ಟರು. ಎಂಜಿನ್ ಕುಲುಕಿ ನಿಂತುಹೋಯಿತು. ಗಾಬರಿಯಲ್ಲಿ ಮತ್ತೆ ಕ್ಲಚ್ ಒತ್ತಿದರು. ಗೇರಿನ ಹಿಡಿತವೂ ತಪ್ಪಿ ಕಾರು ಹಿಂದಕ್ಕೆ ಜಾರತೊಡಗಿತು. ಕನ್ನಡಿಯಲ್ಲಿ ಒಂದು ಸ್ಕೂಟರ್, ಅದರ ಮುಂಭಾಗದಲ್ಲಿ ನಿಂತಿದ್ದ ಮಗು. ನಾನು ಬ್ರೇಕ್ ತುಳಿದೆ. ಕಾಲಡಿಯಲ್ಲಿ ಬರೀ ಮ್ಯಾಟ್ ಇತ್ತು! ಹ್ಯಾಂಡ್‌ಬ್ರೇಕನ್ನು ಹೇಗೆ ಎಳೆದೆನೋ, ಕಾರು ನಿಂತಾಗ ಸ್ಕೂಟರಿಗೂ ನಮಗೂ ನಡುವೆ ಗೇಣು ಜಾಗವಿತ್ತು.

"ಏನಮ್ಮಾ, ಬ್ರೇಕ್ ಅನ್ನೋದು ಇದ್ಯಾ ನಿಮ್ ಗಾಡೀಲಿ? ಮಗು ಕಾಣಲ್ವಾ?" ಸ್ಕೂಟರಿನವನು ಕೂಗಿದ.

"ಕ್ಲಾಸಲ್ಲಿ ನಾನು ಕಾಲು ತೆಗೆದ್ರೂ ಕ್ಲಚ್ ತಾನಾಗೇ ನಿಧಾನಕ್ಕೆ ಮೇಲೆ ಬರ್ತಿತ್ತಲ್ರೀ..." ಎಂದರು ಶಾಂತಮ್ಮ.

ಆಗ ಅರ್ಥವಾಯಿತು. ತರಬೇತಿ ಕಾರಿನಲ್ಲಿ ಇನ್‌ಸ್ಟ್ರಕ್ಟರ್ ಕಡೆಗೂ ಕ್ಲಚ್, ಬ್ರೇಕ್ ಇರುತ್ತವೆ. ಅಲ್ಲಿ ಕ್ಲಚ್ ಒತ್ತಿ ಹಿಡಿದರೆ ಕಲಿಯುವವರ ಪೆಡಲ್ ಕೂಡ ಕೆಳಗೇ ನಿಲ್ಲುತ್ತದೆ, ಮೆಲ್ಲಗೆ ಬಿಟ್ಟರೆ ಅದೂ ಮೆಲ್ಲಗೆ ಮೇಲೇಳುತ್ತದೆ. ಮೊದಲೆರಡು ದಿನ ಎಲ್ಲರೂ ಹಾಗೆ ಆಸರೆ ಕೊಡುತ್ತೇವೆ. ಕುಮಾರ ಕೊನೆಯ ದಿನದವರೆಗೂ ಕಾಲು ತೆಗೆದಿರಲಿಲ್ಲ.

ಹಾಗೇಕೆಂದು ಮರುದಿನ ಅವನನ್ನು ಕೇಳಿದ್ದಕ್ಕೆ ನಕ್ಕ. "ಬಂದ್ ಬಿದ್ರೆ ನಾಚ್ಕೊಂಡು ಕ್ಲಾಸಿಗೇ ಬರಲ್ಲ ಅಕ್ಕಾ. ಹಿಂಗಾದ್ರೆ ಎಲ್ರೂ ಖುಷಿ."

ವಾರ ಕಳೆದು ಶಾಂತಮ್ಮ ನನ್ನನ್ನೇ ಕರೆದರು. "ತರಬೇತಿ ಕಾರಲ್ಲೇ ಅದೇ ಏರಿಗೆ ಹೋಗೋಣ. ನೀವು ಕಾಲು ಮಡಚ್ಕೊಂಡು ಕೂತ್ಕೊಳಿ." ಕಾರು ಮತ್ತೆ ಮತ್ತೆ ಬಂದ್ ಬಿತ್ತು, ಹಿಂದಿನವರು ಬೈದರು. ಕಡೆಗೆ ಏರು ಹತ್ತಿತು.

ಕಲಿಯುವವರ ಕೈಯಲ್ಲಿ ಗಾಡಿ ಬಂದ್ ಬೀಳಲು ಬಿಡುವುದೂ ಕಲಿಸುವ ಕೆಲಸವೇ ಎಂದು ಅಂದು ತಿಳಿಯಿತು. ಈಗಲೂ ಯಾರ ಕಾರಿನಲ್ಲಿ ಕೂತರೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತದೆ. ಹೊಸಬರು ಈಗಲೂ ಕೇಳುವುದು ಕುಮಾರನನ್ನೇ. ನನಗೆ ಈಗಲೂ ಉರಿಯುತ್ತದೆ.