ನಜರೇನೊನ ಸೊಟ್ಟ ಮೂಗು

ರೋಮಿನ ಹತ್ತಿರದ ತಿವೊಲಿಯ ಸ್ಮಶಾನದ ಗೇಟು ತೆಗೆಯುವ ಮೊದಲೇ ಎದುರಿನ ಶೆಡ್ಡಿನಲ್ಲಿ ಚಾಣದ ಸದ್ದು ಶುರುವಾಗಿದೆ. ಕಲ್ಲು ಕೆತ್ತುವ ಪ್ರೊಕೋಪಿಸ್ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಾರೆ. ತಲೆಗೆ ಹಳೇ ಪೇಪರು ಮಡಚಿ ಮಾಡಿದ ಟೊಪ್ಪಿ, ಹುಬ್ಬಿನ ತುಂಬ ಬಿಳೀ ಪುಡಿ. ಸೂರ್ಯ ಇನ್ನೂ ಬೆಟ್ಟದ ಅಂಚು ದಾಟಿಲ್ಲ. ಪೂರ್ವದ ಕಿಟಕಿಯಿಂದ ನುಸುಳಿದ ಬೆಳಕು ಅಡ್ಡಡ್ಡಲಾಗಿ ಕಲ್ಲಿನ ಮುಖದ ಮೇಲೆ ಬಿದ್ದಿದೆ. ಈ ಅಡ್ಡ ಬೆಳಕಿಗಾಗಿಯೇ ಅವರು ಕೋಳಿ ಕೂಗುವ ಮುಂಚೆ ಏಳುವುದು. ಮಧ್ಯಾಹ್ನದ ಹೊತ್ತಿಗೆ ಕಣ್ಣು ತಪ್ಪಿಸಿಕೊಳ್ಳುವ ಸಣ್ಣ ಉಬ್ಬು, ಸಣ್ಣ ಕುಳಿ ಎಲ್ಲವೂ ಈಗ ನೆರಳು ಚೆಲ್ಲಿ ಸಿಕ್ಕಿಬೀಳುತ್ತವೆ.

ನಾನು ಬಂದದ್ದು ಗೊತ್ತಾದರೂ ತಿರುಗುವುದಿಲ್ಲ.

"ಪೇಪರಿಗೆ ಬರೀತೀನಿ ಅಂತ ಬಂದ್ರಾ? ಬೇಡ ಸಿನ್ಯೋರಾ. ಬೇರೆ ಯಾರಾದ್ರೂ ಮರ್ಯಾದಸ್ಥರ ಬಗ್ಗೆ ಬರೀರಿ."

ಇದೇ ಮನುಷ್ಯ ಹೋದ ವರ್ಷ ಹೀಗಿರಲಿಲ್ಲ. ಈ ಊರಿಗೆ ಸೊಸೆಯಾಗಿ ಬಂದು ನನಗೆ ತಲೆಗೂದಲು ನರೆತಿದೆ. ಅಂದಿನಿಂದಲೂ ಪ್ರೊಕೋಪಿಸ್ ಬಾಯಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಸ್ಮಶಾನದ ಅರ್ಧದಷ್ಟು ದೇವದೂತರು, ಶಿಲುಬೆಗಳು, ಕಲ್ಲಿನ ಹೂಮಾಲೆಗಳು ಅವರ ಕೈಯವೇ. ಹೆಸರು ಕೆತ್ತುವುದು ಮಾತ್ರ ಸತ್ತವರದು, ಕೆತ್ತಿದವನದು ಎಲ್ಲೂ ಇಲ್ಲ. ಹೂವಿಡಲು ಬರುವವರಿಗೆ ಈ ಶೆಡ್ಡು ಬರೀ ಧೂಳಿನ ಶೆಡ್ಡು. ಕಾರು ನಿಲ್ಲಿಸಿ, ಧೂಳು ಕೂತಿತೆಂದು ಬೈದುಕೊಂಡು ಹೋಗುತ್ತಾರೆ.

ಅವರು ಇಲ್ಲಿಯವರಲ್ಲ. ಗ್ರೀಸಿನ ತೀನೊಸ್ ದ್ವೀಪದವರು. ಅಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಅಮೃತಶಿಲೆ ಕಡಿದವರೇ. ಹರೆಯದಲ್ಲಿ ಕೆಲಸ ಹುಡುಕಿಕೊಂಡು ಹಡಗು ಹತ್ತಿ ಬಂದವರು ಇಲ್ಲಿಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಬೇರು ಬಿಟ್ಟರು. ಹೆಂಡತಿ ತೀರಿಕೊಂಡ ಮೇಲೂ ಹೋಗಲಿಲ್ಲ. ಬೆರಳ ಗಂಟುಗಳು ಊದಿಕೊಂಡಿವೆ, ಎಡಗಿವಿ ಮಂದ, ಕಲ್ಲಿನ ಪುಡಿ ಎದೆಗಿಳಿದು ಕೆಮ್ಮು ಬಿಟ್ಟಿಲ್ಲ. ಅದನ್ನೆಲ್ಲ ಕೇಳಿದರೆ ನೊಣ ಓಡಿಸುವಂತೆ ಕೈಯಾಡಿಸುತ್ತಾರೆ.

ಬಾಯಿ ಮಾತ್ರ ಜೋರು ಇತ್ತು. ಸಂಜೆ ಎಲಿಜಿಯೊನ ಕಾಫಿ ಅಂಗಡಿಯಲ್ಲಿ ಅವರ ಪಾಠ ಶುರುವಾಗುತ್ತಿತ್ತು. ಒಂದೇ ಪಾಠ, ದಿನವೂ ಅದೇ.

"ನಮ್ಮವರು ಕಲ್ಲು ಕಡಿದದ್ದು ದೇವರಿಗೆ, ಆಟದಲ್ಲಿ ಗೆದ್ದ ಹುಡುಗರಿಗೆ. ಮನುಷ್ಯ ಹೇಗಿದ್ದಾನೆ ಅಂತಲ್ಲ, ಹೇಗಿರಬಹುದು ಅಂತ ಕೆತ್ತಿದ್ರು. ಮೈಯೆಲ್ಲ ಅಳತೆಗೆ ಅಳತೆ! ನಿಮ್ಮ ರೋಮಿನವರು ಏನ್ ಮಾಡಿದ್ರು? ಅಜ್ಜನ ಬೋಳುತಲೆ, ಅಜ್ಜನ ನರೂಲಿ, ಅಜ್ಜನ ಜೋಲು ಗಲ್ಲ. ಥೂ! ಕಲ್ಲು ದಂಡ."

"ಅಜ್ಜನಿಗೆ ನರೂಲಿ ಇದ್ರೆ ಇನ್ನೇನು ಮಾಡ್ಬೇಕಿತ್ತು, ಕಿತ್ತು ಕೊಡ್ಬೇಕಿತ್ತಾ?" ಎಂದು ಎಲಿಜಿಯೊ ಕೆಣಕುತ್ತಿದ್ದ.

"ನಿಮ್ಮ ರೋಮಿನ ಚಕ್ರವರ್ತಿಗೇ ನಮ್ಮ ಹುಚ್ಚಿತ್ತು ಕಣೋ. ಊರ ಕೆಳಗೆ ಅಷ್ಟು ದೊಡ್ಡ ಅರಮನೆ ಕಟ್ಟಿ ತುಂಬಿಸಿದ್ದೆಲ್ಲ ಏನು? ನಮ್ಮ ಗ್ರೀಕ್ ಮೂರ್ತಿಗಳ ನಕಲು! ನಮ್ಮವರು ಕಂಚಿನಲ್ಲಿ ಎರಕ ಹೊಯ್ದದ್ದನ್ನ ನಿಮ್ಮವರು ಕಲ್ಲಲ್ಲಿ ಮಾಡೋಕೆ ಹೋಗಿ, ಬಿದ್ದುಹೋಗುತ್ತೆ ಅಂತ ಕಾಲಿಗೊಂದು ಕಲ್ಲಿನದೇ ಮರದ ಬೊಡ್ಡೆ ಆನಿಸಿ ನಿಲ್ಲಿಸಿದ್ರು."

ಅಂಗಡಿಯೆಲ್ಲ ನಗುತ್ತಿತ್ತು. ಸುಳ್ಳೇನಲ್ಲ ಅವರು ಹೇಳುತ್ತಿದ್ದದ್ದು. ಆದರೆ ಅರ್ಧ ಮಾತ್ರ ಹೇಳುತ್ತಿದ್ದರು. ಹಿಂದೆ ರೋಮಿನ ದೊಡ್ಡ ಮನೆತನಗಳಲ್ಲಿ ಹಿರಿಯರು ಸತ್ತರೆ ಅವರ ಮುಖದ ಮೇಣದ ಅಚ್ಚನ್ನು ಹಜಾರದಲ್ಲಿ ಜೋಪಾನವಾಗಿ ಇಡುತ್ತಿದ್ದರು. ಮನೆಯಲ್ಲಿ ಮತ್ತೊಂದು ಸಾವಾದಾಗ ಆ ಮುಖಗಳನ್ನು ಹಾಕಿಕೊಂಡ ಜನ ಹೆಣದ ಮುಂದೆ ನಡೆಯುತ್ತಿದ್ದರು. ಸತ್ತ ಅಜ್ಜ, ಮುತ್ತಜ್ಜ ಎಲ್ಲರೂ ಎದ್ದುಬಂದು ಮೊಮ್ಮಗನನ್ನು ಕಳಿಸಿಕೊಟ್ಟ ಹಾಗೆ. ಅಂಥ ಮನೆಯಲ್ಲಿ ಸುಕ್ಕು ಎಂದರೆ ಬದುಕಿ ತೋರಿಸಿದ್ದಕ್ಕೆ ಸಾಕ್ಷಿ. ಅದನ್ನು ಅಳಿಸುವುದು ಹಿರಿಯರನ್ನೇ ಅಳಿಸಿದಂತೆ. ಪ್ರೊಕೋಪಿಸ್‌ಗೆ ಇದು ತಿಳಿಯದ್ದೇನಲ್ಲ. ತಿಳಿದದ್ದು ಕೈಗೆ ಇಳಿದಿರಲಿಲ್ಲ.

ಹೋದ ಚಳಿಗಾಲದಲ್ಲಿ ನಜರೇನೊ ತೀರಿಕೊಂಡ. ಕೆಳಗಿನ ಕಲ್ಲುಗಣಿಯಲ್ಲಿ ದುಡಿದ ಆಳು. ಎಲ್ಲರ ಸಮಾಧಿಯ ಮೇಲೂ ಪಿಂಗಾಣಿ ಬಿಲ್ಲೆಯ ಫೋಟೋ ಇರುತ್ತದೆ. ಅವನ ಹೆಂಡತಿ ಅಸ್ಸುಂತಾ ಮಾತ್ರ ಒಪ್ಪಲಿಲ್ಲ. "ಜೀವಮಾನವೆಲ್ಲ ಕಲ್ಲು ತೆಗೆದವನು. ತಟ್ಟೆ ಲೋಟದ ಮೇಲೆ ಯಾಕೆ ಕೂರಿಸಲಿ?" ಎಂದು ಪ್ರೊಕೋಪಿಸ್ ಹತ್ತಿರ ಬಂದಳು. ತಲೆಯಿಂದ ಎದೆಯವರೆಗಿನ ಕಲ್ಲಿನ ಮೂರ್ತಿ ಬೇಕು. ಫೋಟೋಗಳನ್ನು ಕೊಟ್ಟಳು. ಮುಂದಿನಿಂದ, ಪಕ್ಕದಿಂದ, ನಗುತ್ತಿರುವುದು, ಉಣ್ಣುತ್ತಿರುವುದು.

ಬೇಸಿಗೆಯಲ್ಲಿ ಕೆಲಸ ಮುಗಿಯಿತು. ನೆಂಟರನ್ನೆಲ್ಲ ಕಟ್ಟಿಕೊಂಡು ಅಸ್ಸುಂತಾ ಬಂದಳು, ನನ್ನನ್ನೂ ಕರೆದಳು. ಪ್ರೊಕೋಪಿಸ್ ಹೊದಿಸಿದ್ದ ಬಟ್ಟೆ ಸರಿಸಿದರು. ಅಬ್ಬಾ, ಎಂಥ ಮುಖ! ಅಗಲ ಹಣೆ, ನೀಟಾದ ಹುಬ್ಬು, ಅಲ್ಲಿಂದ ನೇರವಾಗಿ ಇಳಿದ ಮೂಗು, ತುಂಬಿದ ತುಟಿ. ನೆಂಟರು ಅಸ್ಸುಂತಾಳತ್ತ ನೋಡಿದರು. ಎಲಿಜಿಯೊ ಒಬ್ಬನೇ ತಡೆಯಲಾರದೆ, "ಮಾಸ್ತ್ರೊ, ನನ್ನದೂ ಒಂದು ಮಾಡಿಡು. ಹೊಟ್ಟೆ ಮಾತ್ರ ತೆಗೆದುಬಿಡು" ಅಂದ. ಯಾರೂ ನಗಲಿಲ್ಲ.

ಅಸ್ಸುಂತಾ ಮೂರ್ತಿಯ ಸುತ್ತ ಒಂದು ಸುತ್ತು ಬಂದಳು.

"ಚೆನ್ನಾಗಿದಾನೆ. ಆದ್ರೆ ಇವನ ಜತೆ ನಾನು ಸಂಸಾರ ಮಾಡಿಲ್ಲ."

"ಸಿನ್ಯೋರಾ ಅಸ್ಸುಂತಾ, ಸ್ವಲ್ಪ ತಿದ್ದಿದ್ದೀನಿ ಅಷ್ಟೇ. ಮೂಗು ಒಂದು..."

"ಆ ಮೂಗು ಮುರಿದದ್ದು ನನ್ನಿಂದ ಕಣಪ್ಪಾ. ನಮ್ಮಪ್ಪ ನನ್ನ ಒಳಗಿಟ್ಟು ಬಾಗಿಲು ಹಾಕಿದ್ದಾಗ ಅವನು ನನ್ನ ನೋಡೋಕೆ ಅಂಜೂರದ ಮರ ಹತ್ತಿ, ಗೋಡೆ ಮೇಲಿಂದ ಮುಖ ಅಡಿಯಾಗಿ ಬಿದ್ದ. ರಕ್ತ ಸುರೀತಾ ಇತ್ತು, ನಗ್ತಾ ಇದ್ದ. ಬೆಳಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣ್ತಿದ್ದದ್ದು ಅದೇ ಸೊಟ್ಟ ಮೂಗು. ನೀನು ಅದನ್ನ ತಿದ್ದಿದೆ! ನನಗೆ ಅವನ ಮುಖ ಕಂಡರೆ ನಾಚಿಕೆ ಅಂದ್ಕೊಂಡೆಯಾ?"

ಪ್ರೊಕೋಪಿಸ್ ಮುಖ ಕೆಂಪಾದದ್ದು ಪುಡಿಯ ಕೆಳಗೂ ಕಂಡಿತು. ನೆಲ ಬಾಯ್ಬಿಟ್ಟಿದ್ದರೆ ಇಳಿದುಬಿಡುತ್ತಿದ್ದರೇನೋ. ಮ್ಯೂಸಿಯಮ್ಮಿನವರು ಮಾಡುವ ಹಾಗೆ ಬೇರೆ ಮೂಗು ಕಡಿದು ಸರಳು ಕೊಟ್ಟು ಕೂಡಿಸುತ್ತೇನೆ ಎಂದು ತೊದಲಿದರು.

"ಬದುಕಿದ್ದಾಗ ಒಂದ್ಸಲ ಕೂಡಿಸಿದ್ದು ಸಾಕು. ಸತ್ತ ಮೇಲೂ ಅಂಟಿಸ್ತೀಯಾ?" ಎಂದು ಅಸ್ಸುಂತಾ ಚೀಲ ಹೆಗಲಿಗೇರಿಸಿದಳು. "ಹಿರಿಯರ ಹಬ್ಬಕ್ಕೆ ಎಲ್ಲರೂ ಸಮಾಧಿಗೆ ಬರ್ತಾರೆ. ಅಷ್ಟರೊಳಗೆ ನನ್ನ ಗಂಡನ್ನ ಮಾಡಿಕೊಡೋಕಾದ್ರೆ ಮಾಡು. ಆಗಲ್ವಾ, ಪಿಂಗಾಣಿ ಬಿಲ್ಲೆಯೇ ಗತಿ."

ಅಂದಿನಿಂದ ಕಾಫಿ ಅಂಗಡಿಯಲ್ಲಿ ಪಾಠ ನಿಂತಿತು. ಆ ಚೆಂದದ ಮೂರ್ತಿ ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಗೋಣಿ ಹೊದ್ದು ಕೂತಿತು. ದಾರಿಯಲ್ಲಿ ಯಾರಾದರೂ ಸಿಕ್ಕರೆ ಪ್ರೊಕೋಪಿಸ್ ಪಕ್ಕದ ಓಣಿಗೆ ತಿರುಗುತ್ತಿದ್ದರು. "ಕಲಿಸೋಕೆ ಹೋಗಿದ್ದೆ ನಾನು ಇವರಿಗೆಲ್ಲ" ಎಂದು ಒಂದು ದಿನ ನನ್ನ ಹತ್ತಿರ ಅಂದರು. "ಈ ಸಲವೂ ಆಕೆ ತಲೆ ಅಲ್ಲಾಡಿಸಿದ್ರೆ ಚಾಣ ಎತ್ತಿ ಇಟ್ಟುಬಿಡ್ತೀನಿ. ಶಿಲುಬೆ ಕೆತ್ತೋಕೆ ಯಂತ್ರ ಬಂದಿದೆ. ನಾನ್ಯಾಕೆ?"

ಈಗ ಎರಡನೆಯ ಮೂರ್ತಿ ಅಡ್ಡ ಬೆಳಕಿನಲ್ಲಿ ನಿಂತಿದೆ. ಗಣಿಯ ಬಿಸಿಲಿಗೆ ಕಿರಿದಾದ ಕಣ್ಣು, ಸುತ್ತ ಸುಕ್ಕಿನ ಜಾಲ, ಒಂದು ಕಡೆ ಇಳಿಬಿದ್ದ ರೆಪ್ಪೆ. ಮೂಗಿನ ಕೆಲಸ ಇನ್ನೂ ಮುಗಿದಿಲ್ಲ. ಎದುರಿನ ಕುರ್ಚಿಯಲ್ಲಿ ಅಸ್ಸುಂತಾ ಕೂತು ಮಡಿಲಲ್ಲಿ ಸೊಪ್ಪು ಬಿಡಿಸುತ್ತಿದ್ದಾಳೆ. ದಿನಾ ಬೆಳಗ್ಗೆ ಬರುತ್ತಾಳೆ, ಕಾವಲಿಗೆ.

"ಮತ್ತೆ ನೆಟ್ಟಗಾಗ್ತಿದೆ, ನೋಡ್ಕೋ!"

"ಇಲ್ಲಮ್ಮಾ, ಇನ್ನೂ ಉಬ್ಬು ಬಿಟ್ಟಿದ್ದೀನಿ."

"ಬಿಟ್ಟಿದ್ದೀಯ, ಆಮೇಲೆ ನಿನ್ನ ಕೈ ಸುಮ್ಮನಿರುತ್ತಾ? ಎಡಕ್ಕೆ ವಾಲ್ಬೇಕು. ಇನ್ನೂ ಎಡಕ್ಕೆ. ಅವನು ಬಿದ್ದದ್ದು ಎಡಕ್ಕೇ."

ಪ್ರೊಕೋಪಿಸ್ ಚಾಣ ಇಟ್ಟು ಕೈ ಕೊಡವುತ್ತಾರೆ. "ಆಕೆ ಹೇಳೋದು ನಿಜ ಸಿನ್ಯೋರಾ. ಕೈಗೆ ಅಭ್ಯಾಸ. ಸೊಟ್ಟ ಕಂಡ್ರೆ ತಾನೇ ತಾನಾಗಿ ನೆಟ್ಟಗೆ ಮಾಡೋಕೆ ಹೊರಡುತ್ತೆ. ನಮ್ಮಪ್ಪ ಹಾಗೆ ಕಲಿಸಿದ್ದು. ತಪ್ಪಿದರೆ ಬೆರಳ ಮೇಲೇ ಬೀಳ್ತಿತ್ತು ಏಟು. ಕಲ್ಲಲ್ಲಿ ತೆಗೆದದ್ದನ್ನ ಮತ್ತೆ ಇಡೋಕಾಗಲ್ಲ. ಅದಕ್ಕೇ ಹೆದರಿಕೆ." ಮತ್ತೆ ಚಾಣ ಎತ್ತಿಕೊಂಡು ಉಸಿರು ಬಿಗಿಹಿಡಿದು ಒಂದೊಂದೇ ಏಟು ಹಾಕುತ್ತಾರೆ. ಅಸ್ಸುಂತಾ ಸೊಪ್ಪು ಬಿಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಮೂಗು ಮುಗಿಯುವ ಹೊತ್ತಿಗೆ ಸೊಪ್ಪು ಕಟ್ಟಿಕೊಂಡು ಮನೆಗೆ ಹೊರಟುಬಿಡುತ್ತಾಳೆ. ಒಪ್ಪಿದಳೋ ಬಿಟ್ಟಳೋ ಪ್ರೊಕೋಪಿಸ್‌ಗೆ ಗೊತ್ತಾಗುವುದಿಲ್ಲ, ಕೇಳುವ ಧೈರ್ಯವೂ ಇಲ್ಲ.

ಹಿರಿಯರ ಹಬ್ಬದ ದಿನ ಸ್ಮಶಾನದಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲೆಲ್ಲೂ ಸೇವಂತಿಗೆ. ಮೂರ್ತಿ ಕೂರಿಸಿಯಾಗಿದೆ, ಮೇಲೆ ಬಟ್ಟೆ ಹೊದಿಸಿದೆ. ಪ್ರೊಕೋಪಿಸ್ ಕೋಟು ಹಾಕಿಕೊಂಡು ಜನರ ಹಿಂದೆ ಎಲ್ಲೋ ನಿಂತಿದ್ದಾರೆ. ಈ ಸಲ ಬಟ್ಟೆ ಸರಿಸುವುದು ಅಸ್ಸುಂತಾ.

ಅವಳು ನೋಡುತ್ತಾಳೆ. ಜೇಬಿನಿಂದ ಕರವಸ್ತ್ರ ತೆಗೆದು ತುದಿಗೆ ಎಂಜಲು ಹಚ್ಚಿ, ಸೊಟ್ಟ ಮೂಗಿನ ಮೇಲಿನ ಧೂಳು ಒರೆಸುತ್ತಾಳೆ. ಆಮೇಲೆ ಅಷ್ಟು ಜನರ ಮುಂದೆ ಶುರು ಮಾಡುತ್ತಾಳೆ.

"ನೆಲಮಾಳಿಗೆ ಕೀಲಿಕೈ ಎಲ್ಲಿಟ್ಟೆ ಅಂತ ಒಂದು ಮಾತು ಹೇಳದೆ ಹೋದ್ಯಲ್ಲೋ! ಬೀಗ ಒಡೆಸಿದೆ, ಗೊತ್ತಾ? ಒಳಗೆ ದ್ರಾಕ್ಷಾರಸವೆಲ್ಲ ಹುಳಿಯಾಗಿ ಕೂತಿದೆ! ನಗ್ತಾನೆ ನೋಡಿ, ಏನೂ ಆಗಿಲ್ಲ ಅನ್ನೋ ಹಾಗೆ!"

ನೆಂಟರು ನಕ್ಕು, ನಗುನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ನನಗೂ ತಡೆಯಲಾಗುವುದಿಲ್ಲ. ಗಂಡನನ್ನು ಬೈದು ಸುಸ್ತಾದ ಅಸ್ಸುಂತಾ ತಿರುಗಿ ಪ್ರೊಕೋಪಿಸ್‌ರನ್ನು ಹುಡುಕಿ, ಕೈ ಹಿಡಿದು ಮುಂದೆ ಎಳೆದು ತರುತ್ತಾಳೆ.

"ನಿಮ್ಮಪ್ಪನದ್ದೂ ನೀನೇ ಕೆತ್ತಿದ್ದಾ, ಆ ನಿನ್ನ ದ್ವೀಪದಲ್ಲಿ?"

"ಹೂಂ."

"ಹೋಲುತ್ತಾ?"

ಪ್ರೊಕೋಪಿಸ್ ಟೊಪ್ಪಿ ಕೈಯಲ್ಲಿ ಹಿಂಡುತ್ತ ನಿಲ್ಲುತ್ತಾರೆ. ಹೊಗಳಲು ಬಂದವರಿಗೆ ತಲೆಬಾಗಿಸಿ, ಜನ ಕರಗುವ ಮುಂಚೆಯೇ ಶೆಡ್ಡಿಗೆ ನಡೆಯುತ್ತಾರೆ. ನಾನು ಹಿಂದೆ ಹೋಗುತ್ತೇನೆ. ಸಂತೋಷ ಆಗಬೇಕಿತ್ತಲ್ಲ, ಯಾಕೆ ಹೀಗೆ ಎಂದು ಕೇಳುತ್ತೇನೆ. ಚಾಣಗಳನ್ನು ಒಂದೊಂದಾಗಿ ಒರೆಸಿ ಜೋಡಿಸುತ್ತ ಹೇಳುತ್ತಾರೆ.

"ನಮ್ಮಪ್ಪನ ಮುಖದ ತುಂಬ ಸಿಡುಬಿನ ಕಲೆ. ಹುಡುಗರು 'ಜರಡಿ' ಅಂತ ಕರೀತಿದ್ರು. ಚರ್ಚಿನ ಅಮ್ಮನವರ ಹಬ್ಬಕ್ಕೆ ಅಪ್ಪ ಕೈ ಹಿಡ್ಕೊಂಡು ಹೋಗ್ತಿದ್ರೆ ಬಿಡಿಸಿಕೊಂಡು ಹಿಂದೆ ಹಿಂದೆ ನಡೀತಿದ್ದೆ, ಇವರ ಮಗ ಅಂತ ಗೊತ್ತಾಗದಿರಲಿ ಅಂತ. ಸತ್ತ ಮೇಲೆ ಕೆತ್ತಿದೆ. ಕೆನ್ನೆ ಹೇಗೆ ಮಾಡಿದ್ದೆ ಗೊತ್ತಾ? ಬೆಣ್ಣೆ. ಊರೇ ಹೊಗಳಿತು. ಅಮ್ಮ ಮೊದಲನೇ ದಿನ ಆ ಕೆನ್ನೆ ಮೇಲೆ ಕೈ ಇಟ್ಟಳು. ಇಟ್ಟವಳು ತೆಗೆದುಬಿಟ್ಟಳು. ಆಮೇಲೆ ಬದುಕಿರೋವರೆಗೂ ದೀಪ ಹಚ್ಚೋಕೆ ಹೋಗ್ತಿದ್ದಳು, ಮತ್ತೆ ಮುಟ್ಟಲಿಲ್ಲ. ಕಲ್ಲು ತಣ್ಣಗಿದೆ, ಅದಕ್ಕೇ ಅಂದ್ಕೊಂಡಿದ್ದೆ ನಾನು."

ಹೊರಗೆ ಜನ ಕಾರು ತೆಗೆಯುತ್ತಿದ್ದಾರೆ. ಮುಂದೇನು ಮಾಡಬೇಕೆಂದಿದ್ದೀರಿ ಎಂದು ಕೇಳುತ್ತೇನೆ.

"ಈ ಚಳಿ ಕಳೆದ ಮೇಲೆ ಊರಿಗೆ ಹೋಗ್ಬೇಕು. ಚೂಪು ಚಾಣ ಒಂದು ಸಾಕು, ಒಂದು ಬೆಳಗಿನ ಕೆಲಸ. ಯಾವ ಕುಳಿ ಎಲ್ಲಿತ್ತು ಅಂತ ಒಂದೂ ಮರೆತಿಲ್ಲ. ಅಪ್ಪನ ಕಲೆಗಳನ್ನ ಅಪ್ಪನಿಗೆ ವಾಪಸ್ ಕೊಟ್ಟು ಬರ್ತೀನಿ ಸಿನ್ಯೋರಾ. ಮುಟ್ಟಿ ನೋಡೋಕೆ ಅಮ್ಮ ಇಲ್ಲ ಅಷ್ಟೇ."